ಅಟ್ಟದ ಮೇಲಿನ ದನಿಗಳು

ನವರಾತ್ರಿಗೆ ಬೊಂಬೆ ಇಳಿಸಲು ಅಟ್ಟ ಹತ್ತಿದಾಗಲೆಲ್ಲ ಬೇಡದ್ದು ಏನಾದರೊಂದು ಕೈಗೆ ಸಿಗುತ್ತದೆ. ಹೋದ ವರ್ಷ ಸಿಕ್ಕಿದ್ದು ಒಂದು ಬಟ್ಟೆಯ ಚೀಲ. ಒಳಗೆ, ಗೆದ್ದಲು ಮುಟ್ಟದೆ ಉಳಿದಿದ್ದ ಹಳೆಯ ಕಛೇರಿಗಳ ಆಹ್ವಾನ ಪತ್ರಿಕೆಗಳು. ರಾಮನವಮಿಯವು, ಪುರಂದರದಾಸರ ಆರಾಧನೆಯವು, ಗಣೇಶೋತ್ಸವದವು. ಎಲ್ಲವೂ 1974ರಿಂದ 1982ರ ನಡುವಿನವು. ಬೊಂಬೆಗಳನ್ನು ಹಾಗೇ ಬಿಟ್ಟು, ನೆಲದ ಮೇಲೆ ಕಾಲು ಚಾಚಿ ಕೂತು ಒಂದೊಂದಾಗಿ ಓದಿದೆ. ಹಾಡುಗಾರಿಕೆ ಇಂಥವರು, ಪಿಟೀಲು ಇಂಥವರು, ಮೃದಂಗ ಇಂಥವರು. ಒಂದೆರಡರಲ್ಲಿ ಘಟದವರದೂ ಇತ್ತು. ಒಂದರಲ್ಲಂತೂ ಕೆಳಗೆ ಸಣ್ಣ ಅಕ್ಷರದಲ್ಲಿ ಧ್ವನಿವರ್ಧಕದವರ ಹೆಸರೂ ಶಾಮಿಯಾನದವರ ಹೆಸರೂ ಇದ್ದವು. ಆ ಎಲ್ಲ ಕಛೇರಿಗಳಲ್ಲೂ ವೇದಿಕೆಯ ಮೇಲೆ ನಾನಿದ್ದೆ. ಹಾಡುವವರ ಹಿಂದೆ, ಮೂರು ಮೂರು ಗಂಟೆ ಬೆನ್ನು ನೆಟ್ಟಗೆ ಮಾಡಿಕೊಂಡು ತಂಬೂರಿ ಮೀಟುತ್ತಾ ಇದ್ದೆ. ನನ್ನ ಹೆಸರು ಒಂದರಲ್ಲೂ ಇರಲಿಲ್ಲ.

ಇದನ್ನು ದೂರಾಗಿ ಹೇಳುತ್ತಿಲ್ಲ. ಆಗ ಹಾಗೆ ಹೊಳೆದೂ ಇರಲಿಲ್ಲ. ಮೇಷ್ಟ್ರ ಶಿಷ್ಯೆಯರಲ್ಲಿ ಯಾರಾದರೊಬ್ಬಳು ತಂಬೂರಿಗೆ ಕೂರಬೇಕು, ಅಷ್ಟೆ. ನೋಡುವುದಕ್ಕೆ ಲಕ್ಷಣವಾಗಿರಬೇಕು, ಕೆಮ್ಮಬಾರದು, ತಾಳ ಹಾಕಬಾರದು, ಎಷ್ಟು ಚೆನ್ನಾಗಿ ಹಾಡಿದರೂ ತಲೆ ಜೋರಾಗಿ ಆಡಿಸಬಾರದು! ಕಛೇರಿಗೆ ಮುಂಚೆ ಅರ್ಧ ಗಂಟೆ ಶ್ರುತಿ ಕೂಡಿಸುವುದು, ಕುದುರೆಯ ಮೇಲೆ ತಂತಿಯ ಕೆಳಗಿರುವ ಹತ್ತಿಯ ಎಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ನಾದ ಬಿಡಿಸುವುದು, ಇವೆಲ್ಲ ನನ್ನ ಕೆಲಸವೇ. ಆ ಎಳೆಗೆ ಜೀವಾಳ ಎನ್ನುತ್ತೇವೆ. ಅದು ಸರಿಯಾದ ಜಾಗದಲ್ಲಿ ಕೂತಾಗ ನಾಲ್ಕು ತಂತಿಯಿಂದ ನಲವತ್ತು ಸ್ವರ ಏಳುತ್ತವೆ. ಅದು ಕೂತಿದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತಿದ್ದದ್ದು ನನಗೆ ಮತ್ತು ಹಾಡುವವರಿಗೆ ಮಾತ್ರ.

1982ರಲ್ಲಿ ಮೇಷ್ಟ್ರು ಬೆಂಗಳೂರಿಗೆ ಹೋಗಿ ಬಂದವರು ಟ್ರಾನ್ಸಿಸ್ಟರ್ ರೇಡಿಯೋದಂಥ ಒಂದು ಪೆಟ್ಟಿಗೆ ತಂದರು. ಗುಂಡಿ ತಿರುಗಿಸಿದರೆ ಪ-ಸ-ಸ-ಸ ಎಂದು ತಾನೇ ಮೀಟಿಕೊಳ್ಳುತ್ತಿತ್ತು. "ಇನ್ನು ನಿನಗೆ ಬೆನ್ನುನೋವಿಲ್ಲ ಕಣಮ್ಮ" ಎಂದು ಪ್ರೀತಿಯಿಂದಲೇ ಹೇಳಿದರು. ಎಲೆಕ್ಟ್ರಾನಿಕ್ ತಂಬೂರಿಯನ್ನು ಬೆಂಗಳೂರಿನ ಜಿ. ರಾಜನಾರಾಯಣ್ ಅವರು ರೂಪಿಸಿದ್ದು 1979ರಲ್ಲಿ. ಅವರು ಎಂಜಿನಿಯರ್, ಕೊಳಲನ್ನೂ ಬಲ್ಲವರು. ಒಬ್ಬರೇ ಕೂತು ಸಾಧನೆ ಮಾಡುವವರಿಗೆ, ಬಸ್ಸಿನಲ್ಲಿ ಊರೂರು ತಿರುಗುವ ಕಲಾವಿದರಿಗೆ ಅದೆಷ್ಟು ಅನುಕೂಲವಾಯಿತು ಎಂಬುದು ನನಗೂ ಗೊತ್ತು. ಇವತ್ತಿಗೂ ನನ್ನ ಬೆಳಗಿನ ಅಭ್ಯಾಸ ಅಂಥದೇ ಪೆಟ್ಟಿಗೆಯ ಜೊತೆ. ಆದರೂ ಬಹಳ ವರ್ಷ ಅದರ ಮೇಲೆ ನನಗೊಂದು ಸಿಟ್ಟಿತ್ತು. ಅದು ಕೈಯಿಲ್ಲದ ವಾದ್ಯ. ವಿದ್ಯುತ್ತಿನಿಂದ ಹುಟ್ಟುವ ಸಂಗೀತದಲ್ಲಿ ಮನುಷ್ಯರ ಬೆರಳಿಗೆ ಕೆಲಸವಿಲ್ಲ, ಗುಂಡಿ ಒತ್ತಿದರೆ ಮುಗಿಯಿತು ಎಂದೇ ನಂಬಿದ್ದೆ.

ಆ ನಂಬಿಕೆ ಅಲುಗಾಡಿದ್ದು ಮಗಳಿಂದ. ಒಂದು ಮಧ್ಯಾಹ್ನ "ಅಮ್ಮಾ, ಇಲ್ಲಿ ನೋಡು" ಎಂದು ಫೋನಿನಲ್ಲಿ ಒಂದು ಹಳೆಯ ಕಪ್ಪು-ಬಿಳುಪು ಚಿತ್ರ ತೋರಿಸಿದಳು. ಕೋಣೆಯ ತುಂಬ ದೊಡ್ಡ ದೊಡ್ಡ ಟೇಪ್ ರೆಕಾರ್ಡರುಗಳು. ಅವುಗಳ ನಡುವೆ ನಿಂತು ಒಬ್ಬ ಹೆಂಗಸು, ಕಾಲಲ್ಲಿ ತಾಳ ಹಾಕುತ್ತಾ, ಒಂದಾದ ಮೇಲೊಂದು ಯಂತ್ರವನ್ನು ಸರಿಯಾದ ಗಳಿಗೆಗೆ ಚಾಲೂ ಮಾಡುತ್ತಿದ್ದಾಳೆ. ಗಡಿಬಿಡಿಯಿಲ್ಲ. ಒಗ್ಗರಣೆಗೆ ಸಾಸಿವೆ ಯಾವಾಗ, ಇಂಗು ಯಾವಾಗ ಎಂದು ಕೈಗೇ ಗೊತ್ತಿರುತ್ತದಲ್ಲ, ಹಾಗೆ. ಆಕೆಯ ಹೆಸರು ಡೆಲಿಯಾ ಡರ್ಬಿಶೈರ್. ಲಂಡನ್ನಿನ ಬಿಬಿಸಿಯಲ್ಲಿದ್ದವಳು.

ಡೆಲಿಯಾ ಹುಟ್ಟಿದ್ದು 1937ರಲ್ಲಿ, ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ, ದುಡಿಮೆಗಾರರ ಮನೆಯಲ್ಲಿ. ತಂದೆ ಲೋಹದ ತಗಡಿನ ಕೆಲಸಗಾರ. 1940ರ ನವೆಂಬರ್‌ನಲ್ಲಿ ಜರ್ಮನಿಯ ವಿಮಾನಗಳು ಆ ಊರಿನ ಮೇಲೆ ಬಾಂಬಿನ ಮಳೆ ಸುರಿಸಿದಾಗ ಮಗುವಿಗೆ ಮೂರು ವರ್ಷ. ಅಪಾಯ ಬಂತು ಎಂದು ಏರುತ್ತಾ ಇಳಿಯುತ್ತಾ ಕೂಗುವ ಸೈರನ್, ಅಪಾಯ ಹೋಯಿತು ಎಂದು ಒಂದೇ ಸ್ವರದಲ್ಲಿ ಎಳೆಯುವ ಸೈರನ್. ಅರ್ಥ ತಿಳಿಯದ ವಯಸ್ಸಿನಲ್ಲಿ ಕೇಳಿದ ಆ ದನಿಗಳು ತನ್ನ ಸಂಗೀತದೊಳಗೆ ಉಳಿದುಕೊಂಡವು ಎಂದು ಆಕೆ ಮುಂದೆ ಹೇಳುತ್ತಿದ್ದಳು. ಓದಿನಲ್ಲಿ ಚುರುಕು. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಗಣಿತವನ್ನೂ ಸಂಗೀತವನ್ನೂ ಓದಿದಳು. 1959ರಲ್ಲಿ ಡೆಕ್ಕಾ ಎಂಬ ಗ್ರಾಮಫೋನ್ ಕಂಪನಿಗೆ ಕೆಲಸ ಕೇಳಿಕೊಂಡು ಹೋದರೆ ಅವರು ಹೇಳಿದ್ದು ಇಷ್ಟೇ: ಧ್ವನಿಮುದ್ರಣದ ಸ್ಟುಡಿಯೋಗಳಿಗೆ ನಾವು ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ.

ಸುತ್ತಿ ಬಳಸಿ 1960ರಲ್ಲಿ ಬಿಬಿಸಿ ಸೇರಿದಳು. 1962ರಲ್ಲಿ ಅಲ್ಲಿನ ರೇಡಿಯೋಫೋನಿಕ್ ವರ್ಕ್‌ಶಾಪ್ ಎಂಬ ವಿಭಾಗಕ್ಕೆ ತಾನೇ ಕೇಳಿಕೊಂಡು ಹೋದಳು. ಲಂಡನ್ನಿನ ಮೈಡಾ ವೇಲ್ ಕಟ್ಟಡದ ಕೆಲವು ಕೋಣೆಗಳು ಅದಕ್ಕಿದ್ದವು. ರೇಡಿಯೋ ನಾಟಕಗಳಿಗೆ, ಶಾಲಾ ಪಾಠಗಳಿಗೆ ಬೇಕಾದ ವಿಚಿತ್ರ ಸದ್ದುಗಳನ್ನು ತಯಾರಿಸುವ ಜಾಗ. ಬಹಳಷ್ಟು ಯಂತ್ರಗಳು ಬೇರೆ ವಿಭಾಗದವರು ಬೇಡವೆಂದು ಬಿಟ್ಟವು. ಮೊದಲ ದಿನಗಳಲ್ಲಿ, ಇಂಥ ಸದ್ದುಗಳ ನಡುವೆ ಹೆಚ್ಚು ಕಾಲ ಇದ್ದರೆ ತಲೆ ಕೆಟ್ಟೀತು ಎಂದು ಯಾರನ್ನೂ ಮೂರು ತಿಂಗಳಿಗಿಂತ ಹೆಚ್ಚು ಇರಗೊಡುತ್ತಿರಲಿಲ್ಲವಂತೆ. ಡೆಲಿಯಾ ಹನ್ನೊಂದು ವರ್ಷ ಇದ್ದಳು.

1963ರಲ್ಲಿ ಬಿಬಿಸಿ ಟೆಲಿವಿಷನ್ 'ಡಾಕ್ಟರ್ ಹೂ' ಎಂಬ ಧಾರಾವಾಹಿ ಶುರುಮಾಡಿತು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಪ್ರಯಾಣ ಮಾಡುವವನೊಬ್ಬನ ಕಥೆ. ಮೊದಲ ಕಂತು ಬಂದದ್ದು ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನಡಿಯ ಕೊಲೆಯಾದ ಮರುದಿನ. ಅದರ ಶೀರ್ಷಿಕೆ ಸಂಗೀತಕ್ಕೆ ರಾನ್ ಗ್ರೇನರ್ ಎಂಬ ಸಂಯೋಜಕ ಒಂದು ಹಾಳೆಯ ಮೇಲೆ ಧಾಟಿ ಬರೆದುಕೊಟ್ಟ. ಎಲ್ಲಿ ಯಾವ ವಾದ್ಯ ಎಂದು ಬರೆಯುವ ಕಡೆ 'ಗಾಳಿಯ ಗುಳ್ಳೆ', 'ಮೋಡ' ಎಂಬಂಥ ಮಾತುಗಳನ್ನು ಹಾಕಿದ್ದನಂತೆ. ಗುಳ್ಳೆಯನ್ನೂ ಮೋಡವನ್ನೂ ಕೇಳಿಸುವುದು ಹೇಗೆ? ಅದು ಡೆಲಿಯಾಳ ಪಾಲಿಗೆ ಬಂತು.

ಅದನ್ನು ಆಕೆ ಮಾಡಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಸಿಟ್ಟು ಇಳಿದದ್ದು ಅಲ್ಲೇ.

ಆಗ ಅವರ ಹತ್ತಿರ ಸಿಂಥಸೈಸರ್ ಇರಲಿಲ್ಲ. ಇದ್ದದ್ದು ಆಸಿಲೇಟರ್ ಎಂಬ ಪೆಟ್ಟಿಗೆಗಳು. ಅವು ವಾದ್ಯಗಳಲ್ಲ, ತಂತಿಜಾಲ ಸರಿಯಿದೆಯೇ ಎಂದು ಪರೀಕ್ಷಿಸಲು ಎಂಜಿನಿಯರುಗಳು ಬಳಸುವ ಸಾಧನ. ಒಂದು ಗುಂಡಿ. ತಿರುಗಿಸಿದರೆ 'ಕೂಂ' ಎನ್ನುವ ಬೋಳು ದನಿ ಮೇಲೇರುತ್ತದೆ, ಇಲ್ಲವೇ ಇಳಿಯುತ್ತದೆ. ಅದರಲ್ಲಿ ರಾಗ ನುಡಿಸಲು ಬರುವುದಿಲ್ಲ. ಆದ್ದರಿಂದ ಬೇಕಾದ ಸ್ವರಕ್ಕೆ ಗುಂಡಿ ನಿಲ್ಲಿಸಿ ಅದನ್ನು ಟೇಪಿಗೆ ತುಂಬಿಕೊಳ್ಳಬೇಕು. ಇನ್ನೊಂದು ಸ್ವರ, ಇನ್ನೊಂದು ತುಂಡು ಟೇಪು. ಸ್ಟುಡಿಯೋ ಟೇಪು ಸೆಕೆಂಡಿಗೆ 15 ಅಂಗುಲ ಓಡುತ್ತದೆ. ಹಾಗಾಗಿ ಅರ್ಧ ಸೆಕೆಂಡಿನ ಸ್ವರವೆಂದರೆ ಏಳೂವರೆ ಅಂಗುಲ. ಅಳತೆ ಪಟ್ಟಿ ಇಟ್ಟು ಅಳೆಯುವುದು, ಬ್ಲೇಡಿನಿಂದ ಕೊಯ್ಯುವುದು, ಅಂಟುಪಟ್ಟಿಯಿಂದ ಮುಂದಿನ ತುಂಡಿಗೆ ಸೇರಿಸುವುದು. ರವಿಕೆಯ ತೋಳಿಗೆ ಬಟ್ಟೆ ಕತ್ತರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲು ಅಂಗುಲ ಹೆಚ್ಚುಕಡಿಮೆಯಾದರೆ ತಾಳ ತಪ್ಪಿತು. ಟೇಪನ್ನು ಎರಡರಷ್ಟು ವೇಗದಲ್ಲಿ ಓಡಿಸಿದರೆ ಮಂದ್ರದ ಸ ಮಧ್ಯದ ಸ ಆಗುತ್ತದೆ. ನಡುವಿನ ಸ್ವರಗಳಿಗೆ ಎಷ್ಟೆಷ್ಟು ವೇಗ ಬೇಕೆಂದು ಗಣಿತ ಓದಿದ ಡೆಲಿಯಾ ಲಾಗರಿತಮ್ ಕೋಷ್ಟಕದ ಪುಸ್ತಕ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದಳು. ಶಾಲೆಯಲ್ಲಿ ನಮ್ಮನ್ನೆಲ್ಲ ಅಳಿಸಿದ ಅದೇ ಲಾಗ್ ಟೇಬಲ್!

ಆ ಶೀರ್ಷಿಕೆ ಸಂಗೀತದ ಕೆಳಗಿನ ಸಾಲಿನಲ್ಲಿ 'ದುಂ ದುಡುಂ' ಎಂದು ಓಡುವ ಲಯವೊಂದಿದೆ. ಅದು ಎಲ್ಲಿಂದ ಬಂತು ಗೊತ್ತೇ? ಒಂದು ತಂತಿಯಿಂದ. ಬಿಗಿದು ಕಟ್ಟಿದ ಒಂದೇ ಒಂದು ತಂತಿಯನ್ನು ಮೀಟಿ, ಆ ಸದ್ದನ್ನು ಟೇಪಿಗೆ ತುಂಬಿ, ವೇಗ ಬದಲಿಸಿ ಬದಲಿಸಿ ಬೇರೆ ಬೇರೆ ಸ್ವರ ಮಾಡಿಕೊಂಡು, ಒಂದೊಂದನ್ನೂ ಕತ್ತರಿಸಿ ಪೋಣಿಸಿದ್ದು. ಇದನ್ನು ಓದಿದ ಮೇಲೆ ಎದ್ದು ಹೋಗಿ ಮೂಲೆಯಲ್ಲಿದ್ದ ನನ್ನ ತಂಬೂರಿಯ ಒಂದು ತಂತಿ ಮೀಟಿ ಬಂದೆ. ಯಾಕೆಂದು ಕೇಳಬೇಡಿ.

ಮೇಲಿನ ಧಾಟಿಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುವ ಕಡೆ, ನಮ್ಮಲ್ಲಿ ಜಾರು ಎನ್ನುತ್ತೇವಲ್ಲ, ಅದು ಆಸಿಲೇಟರಿನ ಗುಂಡಿಯನ್ನು ಕೈಯಲ್ಲೇ ತಿರುಗಿಸಿ ಮಾಡಿದ್ದು. ಗಾಳಿ, ಮೋಡಗಳೆಂದರೆ ರೇಡಿಯೋದಲ್ಲಿ ಸ್ಟೇಷನ್ ಸಿಗದಾಗ ಬರುವ 'ಸ್ಸ್' ಎಂಬಂಥ ಸದ್ದನ್ನು ಸೋಸಿ ತೆಗೆದದ್ದು. ಹೀಗೆ ಮೂರು ಉದ್ದನೆಯ ಟೇಪುಗಳು ತಯಾರಾದವು. ಮೂರನ್ನೂ ಒಂದೇ ಕ್ಷಣಕ್ಕೆ ಓಡಿಸಿ ಸೇರಿಸಬೇಕು. ಡೆಲಿಯಾಳ ಜೊತೆಗಿದ್ದ ಸಹಾಯಕ ಡಿಕ್ ಮಿಲ್ಸ್. ಒಮ್ಮೆ ಎಲ್ಲೋ ಒಂದು ಸ್ವರ ತಪ್ಪು ಕೇಳಿಸಿತು. ಎಲ್ಲಿ ಎಂದು ಗೊತ್ತಾಗಲಿಲ್ಲ. ಆಗ ಟೇಪುಗಳನ್ನು ಬಿಚ್ಚಿ ಮೈಡಾ ವೇಲ್‌ನ ಉದ್ದನೆಯ ಪಡಸಾಲೆಯಲ್ಲಿ ಪಕ್ಕಪಕ್ಕ ಹಾಸಿದರು. ಬೆಸುಗೆಗೆ ಬೆಸುಗೆ ಹೊಂದಿಸುತ್ತಾ ನಡೆದುಕೊಂಡು ಹೋಗಿ ತಪ್ಪಿದ ಜಾಗ ಹಿಡಿದರು. ಹೊಸ ಸೀರೆಯನ್ನು ನೆಲದ ಮೇಲೆ ಹಾಸಿ ಎಳೆ ಹಾರಿದ ಜಾಗ ಹುಡುಕುವ ಹಾಗೆ.

ಗ್ರೇನರ್ ಬಂದು ಕೇಳಿದಾಗ ತಾನು ಬರೆದದ್ದೇ ಇದು ಎಂದು ಅವನಿಗೆ ನಂಬಲಾಗಲಿಲ್ಲ. ಅವನು ಒಳ್ಳೆಯ ಮನುಷ್ಯ. ಸಂಭಾವನೆಯಲ್ಲಿ ಅರ್ಧ ಡೆಲಿಯಾಳಿಗೆ ಸಲ್ಲಬೇಕು, ಸಂಯೋಜಕಿಯೆಂದು ಅವಳ ಹೆಸರೂ ಇರಬೇಕು ಎಂದು ಕೇಳಿದ. ಬಿಬಿಸಿಯ ನಿಯಮ ಒಪ್ಪಲಿಲ್ಲ. ವರ್ಕ್‌ಶಾಪಿನವರು ಸಂಬಳದ ನೌಕರರು, ಅವರ ಹೆಸರು ಬೇರೆಯಾಗಿ ಬರುವಂತಿಲ್ಲ. ಪರದೆಯ ಮೇಲೆ ಗ್ರೇನರ್ ಹೆಸರು, ಜೊತೆಗೆ ವಿಭಾಗದ ಹೆಸರು. ಅಷ್ಟೆ. ಅವರು ಮಾಡುವುದಕ್ಕೆ ಸಂಗೀತ ಎಂದೂ ಹೆಸರಿರಲಿಲ್ಲ, 'ವಿಶೇಷ ಧ್ವನಿ' ಎನ್ನುತ್ತಿದ್ದರು.

ಇದು ಬಿಬಿಸಿಯೊಂದರ ಮಾತಲ್ಲ. 1956ರಲ್ಲಿ ಅಮೆರಿಕದಲ್ಲಿ ಬೆಬೆ ಬ್ಯಾರನ್ ಮತ್ತು ಲೂಯಿ ಬ್ಯಾರನ್ ಎಂಬ ದಂಪತಿ 'ಫರ್ಬಿಡನ್ ಪ್ಲಾನೆಟ್' ಚಿತ್ರಕ್ಕೆ ಪೂರ್ತಿ ಎಲೆಕ್ಟ್ರಾನಿಕ್ ಸಂಗೀತ ಮಾಡಿದಾಗಲೂ ವಾದ್ಯಗಾರರ ಸಂಘದ ತಕರಾರಿನಿಂದಾಗಿ ಅದನ್ನು ಸಂಗೀತವೆಂದು ಕರೆಯಲಾಗದೆ 'ಎಲೆಕ್ಟ್ರಾನಿಕ್ ನಾದಗಳು' ಎಂದು ತೋರಿಸಬೇಕಾಯಿತು. ಅಡುಗೆಗೆ ಹೆಂಗಸು ನಿಂತರೆ ಮನೆಗೆಲಸ, ಗಂಡಸು ನಿಂತರೆ ಪಾಕಶಾಸ್ತ್ರ ಎನ್ನುತ್ತಿದ್ದಳು ನನ್ನ ಅಜ್ಜಿ. ಬ್ಯಾರನ್ನರ ವಿಷಯದಲ್ಲಿ ಗಂಡನಿಗೂ ಅದೇ ಗತಿಯಾಯಿತು ಅನ್ನಿ!

ಡೆಲಿಯಾಳ ಕೆಲಸಗಳಲ್ಲಿ ನನಗೆ ಅತಿ ಇಷ್ಟವಾದದ್ದು ಮಾತ್ರ ಧಾರಾವಾಹಿಯದಲ್ಲ. 1967ರಲ್ಲಿ ಸಹರಾ ಮರಳುಗಾಡಿನ ತ್ವಾರೆಗ್ ಜನರ ಬಗ್ಗೆ ಬಂದ ಒಂದು ಸಾಕ್ಷ್ಯಚಿತ್ರಕ್ಕೆ ಮಾಡಿದ್ದು. ಬಿಸಿಲಿನ ಮಬ್ಬಿನಲ್ಲಿ ನಿಧಾನವಾಗಿ ಸಾಗುವ ಒಂಟೆಗಳ ಸಾಲು. ಆ ಬಿಸಿಲಿಗೆ ದನಿ ಯಾವುದು? ವರ್ಕ್‌ಶಾಪಿನಲ್ಲಿ ಒಂದು ಹಸಿರು ಬಣ್ಣದ ಲೋಹದ ಲ್ಯಾಂಪ್‌ಶೇಡ್ ಇತ್ತು. ಬಲ್ಬಿನ ಮೇಲೆ ಬೋರಲು ಹಾಕುವ, ನಮ್ಮ ಹಳೆಯ ರೈಲ್ವೆ ಸ್ಟೇಷನ್ನುಗಳಲ್ಲಿ ಕಾಣುತ್ತಿದ್ದಂಥ ತಗಡಿನ ಬುಟ್ಟಿ. ಡೆಲಿಯಾಳಿಗೆ ಅದರ ನಾದವೆಂದರೆ ಪ್ರಾಣ. ಅದನ್ನು ಬಡಿದು ಟೇಪಿಗೆ ತುಂಬಿಕೊಂಡಳು. ಬಡಿದ 'ಠಣ್' ಅನ್ನು ಕತ್ತರಿಸಿ ಎಸೆದಳು. ಗುಡಿಯ ಗಂಟೆ ಹೊಡೆದಾದ ಮೇಲೆ ಕಂಬಗಳ ನಡುವೆ ತೇಲಿಕೊಂಡಿರುತ್ತದಲ್ಲ, ಆ ಅನುರಣನವನ್ನಷ್ಟೇ ಉಳಿಸಿಕೊಂಡಳು. ಅದರಲ್ಲಿ ಯಾವ ಯಾವ ಸ್ವರಗಳು ಅಡಗಿವೆ ಎಂದು ಬಿಡಿಸಿ ನೋಡಿ, ಆಸಿಲೇಟರುಗಳಿಂದ ಅವನ್ನು ಮತ್ತೆ ಕಟ್ಟಿದಳು. ಒಂಟೆಯ ಹೆಜ್ಜೆಗಳಿಗೆ ತನ್ನದೇ ದನಿಯನ್ನು ಚೂರು ಚೂರು ಕತ್ತರಿಸಿ ಹಾಕಿದಳು. ತನ್ನ ದನಿಯನ್ನು ಕಾಲಿಗೆ ಕಟ್ಟಿಕೊಂಡು, ಹಸಿರು ಲ್ಯಾಂಪ್‌ಶೇಡನ್ನು ಬೆನ್ನಿಗೆ ಹೇರಿಕೊಂಡು ಆ ಒಂಟೆಗಳು ಹೊರಟವು ಎಂದು ಆಕೆಯೇ ನಗೆಯಾಡಿದ್ದುಂಟು. ಕೇಳುವಾಗ ನನಗೆ ತಂಬೂರಿಯ ಜೀವಾಳ ನೆನಪಾಯಿತು. ಮೀಟಿದ್ದು ಮರೆಯಾಗಿ ಮೊರೆತ ಮಾತ್ರ ನಿಲ್ಲುವುದು. ಎಂಟು ವರ್ಷ ನಾನು ಮಾಡುತ್ತಿದ್ದದ್ದು ಅದನ್ನೇ ಅಲ್ಲವೇ?

ಆದರೆ ಡೆಲಿಯಾ ಒಳಹೊಕ್ಕ ಬಾಗಿಲನ್ನು ತೆರೆದಿಟ್ಟವಳು ಇನ್ನೊಬ್ಬಳಿದ್ದಳು. ಡಾಫ್ನಿ ಓರಾಂ. 1925ರಲ್ಲಿ ಹುಟ್ಟಿದವಳು. ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಸಿಕ್ಕ ಸೀಟು ಬಿಟ್ಟು, ಯುದ್ಧಕಾಲದಲ್ಲಿ, ಹದಿಹರೆಯದಲ್ಲೇ ಬಿಬಿಸಿ ಸೇರಿದಳು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಿಂದ ಸಂಗೀತದ ನೇರ ಪ್ರಸಾರವಾಗುವಾಗ ಇವಳದೊಂದು ವಿಚಿತ್ರ ಕೆಲಸ. ಅದೇ ಸಂಗೀತದ ಗ್ರಾಮಫೋನ್ ತಟ್ಟೆಯನ್ನು, ವಾದ್ಯವೃಂದ ನುಡಿಸುತ್ತಿರುವ ಜಾಗಕ್ಕೆ ಸರಿಯಾಗಿ ಹೊಂದಿಸಿಕೊಂಡು ಕೂತಿರಬೇಕು. ಬಾಂಬು ಬಿದ್ದು ನುಡಿಸುವವರು ನಿಂತರೆ, ಕೇಳುಗರಿಗೆ ಗೊತ್ತಾಗದಂತೆ ತಟ್ಟೆಗೆ ಬದಲಾಯಿಸಬೇಕು. ಇದರಿಂದಲೋ ಏನೋ, ನುಡಿಸುವ ವಾದ್ಯವೃಂದವನ್ನೂ ತಟ್ಟೆಯ ಸಂಗೀತವನ್ನೂ ಒಂದೇ ಕೃತಿಯಲ್ಲಿ ಬೆಸೆದರೆ ಹೇಗೆ ಎಂಬ ಯೋಚನೆ ಅವಳಿಗೆ ಬಂತು. 1949ರಲ್ಲಿ 'ಸ್ಟಿಲ್ ಪಾಯಿಂಟ್' ಎಂಬ ಕೃತಿ ಬರೆದಳು. ಎರಡು ವಾದ್ಯವೃಂದಗಳು, ಗ್ರಾಮಫೋನ್ ತಿರುಗಣೆಗಳು, ಮೈಕುಗಳು. ಬಿಬಿಸಿ ತಿರಸ್ಕರಿಸಿತು. ಹಾಳೆಗಳು ಕಪಾಟು ಸೇರಿದವು.

ಐವತ್ತರ ದಶಕದಲ್ಲಿ ಆಕೆ ರಾತ್ರಿ ಹೊತ್ತು ಕೆಲಸ ಮಾಡುತ್ತಿದ್ದಳು. ಎಲ್ಲರೂ ಮನೆಗೆ ಹೋದ ಮೇಲೆ ಬೇರೆ ಬೇರೆ ಸ್ಟುಡಿಯೋಗಳಿಂದ ಟೇಪ್ ರೆಕಾರ್ಡರುಗಳನ್ನು ತಳ್ಳಿಕೊಂಡು ಬಂದು ಒಂದೆಡೆ ಸೇರಿಸಿ, ತನ್ನ ಪ್ರಯೋಗ ಮುಗಿಸಿ, ಬೆಳಗಾಗುವುದರೊಳಗೆ ಎಲ್ಲವನ್ನೂ ಅವುಗಳ ಜಾಗಕ್ಕೆ ಸೇರಿಸಿಬಿಡುವುದು. ಮನೆಮಂದಿ ಮಲಗಿದ ಮೇಲೆ ಅಡುಗೆಮನೆಯ ದೀಪದಲ್ಲಿ ಓದಿ ಪರೀಕ್ಷೆ ಕಟ್ಟಿದ, ಕಥೆ ಬರೆದ ಎಷ್ಟು ಹೆಂಗಸರನ್ನು ನಾವು ನೋಡಿಲ್ಲ? ಕಡೆಗೆ 1958ರಲ್ಲಿ, ಡಾಫ್ನಿ ಮತ್ತು ಡೆಸ್ಮಂಡ್ ಬ್ರಿಸ್ಕೋ ಅವರ ಒತ್ತಾಯದಿಂದ ರೇಡಿಯೋಫೋನಿಕ್ ವರ್ಕ್‌ಶಾಪ್ ಹುಟ್ಟಿತು. ಅಲ್ಲಿ ಸ್ವತಂತ್ರ ಸಂಗೀತಕ್ಕೆ ಜಾಗವಿಲ್ಲ, ನಾಟಕಕ್ಕೆ ಸದ್ದು ಒದಗಿಸುವುದಷ್ಟೇ ಎಂದು ಗೊತ್ತಾಗುತ್ತಿದ್ದಂತೆ, ಮರುವರ್ಷವೇ ರಾಜೀನಾಮೆ ಕೊಟ್ಟಳು. ಕೆಂಟ್ ಪ್ರಾಂತ್ಯದ ಹಳ್ಳಿಗಾಡಿನಲ್ಲಿ ಒಂದು ಹಳೆಯ ಕಟ್ಟಡ ಹಿಡಿದು ತನ್ನದೇ ಯಂತ್ರ ಕಟ್ಟಲು ಕೂತಳು.

ಆ ಯಂತ್ರಕ್ಕೆ ಅವಳು ಓರಾಮಿಕ್ಸ್ ಎಂದು ಕರೆದಳು. ಅದರಲ್ಲಿ ಸಂಗೀತವನ್ನು ನುಡಿಸುವುದಲ್ಲ, ಬಿಡಿಸುವುದು. ಸಿನಿಮಾದ 35 ಮಿಲಿಮೀಟರ್ ಫಿಲ್ಮಿನ ಹತ್ತು ಪಟ್ಟಿಗಳು ಪಕ್ಕಪಕ್ಕ ಓಡುತ್ತವೆ. ಅವುಗಳ ಮೇಲೆ ಶಾಯಿಯಲ್ಲಿ ಚುಕ್ಕಿ, ಗೆರೆ, ಬಳುಕು. ಒಂದು ಪಟ್ಟಿ ಸ್ವರದ ಎತ್ತರಕ್ಕೆ, ಒಂದು ಜೋರಿಗೆ, ಒಂದು ಕಂಪನಕ್ಕೆ. ಬೆಳಕು ಆ ಗೆರೆಗಳ ಮೂಲಕ ಹಾಯ್ದು ಬೆಳಕನ್ನು ಗುರುತಿಸುವ ಕೋಶಗಳ ಮೇಲೆ ಬೀಳುತ್ತದೆ. ಬೆಳಕಿನ ಏರಿಳಿತ ವಿದ್ಯುತ್ತಿನ ಏರಿಳಿತವಾಗಿ, ವಿದ್ಯುತ್ತು ನಾದವಾಗುತ್ತದೆ. ಬೆಳಿಗ್ಗೆ ಬಾಗಿಲ ಮುಂದೆ ಬಿಟ್ಟ ರಂಗೋಲಿಯ ಎಳೆ ಹಾಡತೊಡಗಿದರೆ ಹೇಗಿರುತ್ತದೆ? ಗುಲ್ಬೆಂಕಿಯನ್ ಪ್ರತಿಷ್ಠಾನ 1962ರಲ್ಲೂ 1965ರಲ್ಲೂ ಧನಸಹಾಯ ಕೊಟ್ಟಿತು. ಉಳಿದಂತೆ ಜಾಹೀರಾತು, ಸಿನಿಮಾಗಳಿಗೆ ಸದ್ದು ಮಾಡಿಕೊಟ್ಟು ಜೀವನ. ಆಕೆ 2003ರಲ್ಲಿ ತೀರಿಕೊಂಡಳು. ಯಂತ್ರ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಸೊತ್ತು. ಕಪಾಟು ಸೇರಿದ್ದ ಆ 'ಸ್ಟಿಲ್ ಪಾಯಿಂಟ್'? ಹಾಳೆಗಳನ್ನು ಹುಡುಕಿ ತೆಗೆದು, ಸರಿಪಡಿಸಿ, 2018ರ ಜುಲೈನಲ್ಲಿ ಸಾವಿರಾರು ಜನರ ಮುಂದೆ ನುಡಿಸಿದರು. ಎಲ್ಲಿ ಎನ್ನುತ್ತೀರಿ? ರಾಯಲ್ ಆಲ್ಬರ್ಟ್ ಹಾಲಿನಲ್ಲೇ.

ಇಷ್ಟರಲ್ಲಿ ಕಾಲ ಬದಲಾಗಿತ್ತು. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ತನ್ನ ಸಿಂಥಸೈಸರನ್ನು ಜನರ ಮುಂದಿಟ್ಟ. ಆಸಿಲೇಟರು, ಸೋಸುವ ಸಾಧನ, ಜೋರು ತಗ್ಗಿಸುವ ಸಾಧನ ಎಲ್ಲ ಒಂದೇ ಚೌಕಟ್ಟಿನಲ್ಲಿ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ಒಂದರಿಂದ ಇನ್ನೊಂದಕ್ಕೆ ವೈರು ಸಿಕ್ಕಿಸಿದರೆ ದನಿ ಬದಲಾಗುತ್ತದೆ. ಕೊಯ್ಯುವುದು ಅಂಟಿಸುವುದು ಯಾವುದೂ ಬೇಡ. 1969ರಲ್ಲಿ ಲಂಡನ್ನಿನಲ್ಲೇ ವಿಸಿಎಸ್-3 ಎಂಬ ಚಿಕ್ಕ ಸಿಂಥಸೈಸರ್ ಬಂತು. ಆಮೇಲೆ ವರ್ಕ್‌ಶಾಪಿಗೆ ಗೋಡೆಯಗಲದ ಇನ್ನೊಂದು ಬಂತು, ಅದು ನಿಂತಿದ್ದ ಬೀದಿಯ ಹೆಸರಿನಿಂದ ಅದನ್ನು ಡೆಲಾವೇರ್ ಎಂದು ಕರೆದರು. ಡೆಲಿಯಾಳಿಗೆ ಅದು ಹಿಡಿಸಲಿಲ್ಲ. 1972ರಲ್ಲಿ ಡಾಕ್ಟರ್ ಹೂ ಸಂಗೀತವನ್ನು ಆ ಯಂತ್ರದಲ್ಲಿ ಹೊಸದಾಗಿ ಮಾಡಲು ಮೂವರು ಕೂತರು, ಅವರಲ್ಲಿ ಆಕೆಯೂ ಒಬ್ಬಳು. ಬಂದದ್ದು ಯಾರಿಗೂ ಸೇರದೆ ಹಳೆಯದನ್ನೇ ಉಳಿಸಿಕೊಂಡರು. 1973ರಲ್ಲಿ ಕೆಲಸ ಬಿಟ್ಟಳು. ಆಮೇಲೆ ಅನಿಲದ ಕೊಳವೆ ಹಾಕುವ ಕಡೆ ರೇಡಿಯೋ ಆಪರೇಟರ್ ಆಗಿ, ಚಿತ್ರಶಾಲೆಯಲ್ಲಿ, ಪುಸ್ತಕದಂಗಡಿಯಲ್ಲಿ ಹೀಗೆ ಏನೇನೋ. ಕುಡಿತವೂ ಇತ್ತು ಎನ್ನುತ್ತಾರೆ. ನಾನು ಅದನ್ನು ಮುಚ್ಚಿಡುವುದಿಲ್ಲ, ಅದರ ಮೇಲೆ ಕಥೆಯನ್ನೂ ಕಟ್ಟುವುದಿಲ್ಲ. 2001ರ ಜುಲೈಯಲ್ಲಿ, 64ನೆಯ ವಯಸ್ಸಿನಲ್ಲಿ ಹೋಗಿಬಿಟ್ಟಳು.

ಆಕೆಯ ಮನೆಯ ಅಟ್ಟದಲ್ಲಿ, ಬೆಳಗಿನ ತಿಂಡಿಯ ರಟ್ಟಿನ ಡಬ್ಬಗಳಲ್ಲಿ ತುಂಬಿದ 267 ಟೇಪುಗಳು ಸಿಕ್ಕವು. ಅವು ಈಗ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿವೆ. ಡಾಕ್ಟರ್ ಹೂ ಪರದೆಯ ಮೇಲೆ ಡೆಲಿಯಾ ಡರ್ಬಿಶೈರ್ ಎಂಬ ಹೆಸರು ಮೊದಲ ಬಾರಿ ಬಂದದ್ದು 2013ರಲ್ಲಿ, ಧಾರಾವಾಹಿಗೆ ಐವತ್ತು ತುಂಬಿದ ವಿಶೇಷ ಕಂತಿನಲ್ಲಿ. 2017ರಲ್ಲಿ ಅವಳ ಊರಿನ ಕಾವೆಂಟ್ರಿ ವಿಶ್ವವಿದ್ಯಾಲಯ ಮರಣೋತ್ತರವಾಗಿ ಡಾಕ್ಟರೇಟ್ ಕೊಟ್ಟಿತು.

"ಇದೆಲ್ಲ ಆ ಕಡೆಯವರ ಕಥೆ ಬಿಡು" ಎಂದೆ ಮಗಳಿಗೆ. ಅವಳು ಬಿಡಲಿಲ್ಲ. "ಅಹಮದಾಬಾದಿನದು ಗೊತ್ತಾ?" ಎಂದಳು. ಗೊತ್ತಿರಲಿಲ್ಲ.

ವಿಕ್ರಮ್ ಸಾರಾಭಾಯಿ ಯಾರೆಂದು ನಮಗೆಲ್ಲ ಗೊತ್ತು. ಅವರ ಅಕ್ಕತಂಗಿಯರಲ್ಲಿ ಗೀತಾ ಎಂಬವರು, ಹೆಂಗಸರು ಮುಟ್ಟುವುದೇ ಇಲ್ಲವೆನ್ನುವಂತಿದ್ದ ಕಾಲದಲ್ಲಿ ಪಖಾವಜ್ ಕಲಿತವರು. 1946ರಲ್ಲಿ ಪಾಶ್ಚಾತ್ಯ ಸಂಗೀತ ಅರಿಯಲು ನ್ಯೂಯಾರ್ಕಿಗೆ ಹೋದರು. ಅಲ್ಲಿ ಜಾನ್ ಕೇಜ್ ಎಂಬ ಸಂಯೋಜಕನಿಗೂ ಇವರಿಗೂ ಒಂದು ಒಪ್ಪಂದವಾಯಿತು. ಅವನು ಇವರಿಗೆ ಅಲ್ಲಿಯದನ್ನು ಕಲಿಸುವುದು, ಇವರು ಅವನಿಗೆ ಇಲ್ಲಿಯದನ್ನು ಕಲಿಸುವುದು, ದುಡ್ಡಿನ ಮಾತಿಲ್ಲ. ಸಂಗೀತ ಯಾತಕ್ಕೆ ಎಂಬ ಕೇಜ್‌ನ ಪ್ರಶ್ನೆಗೆ ಗೀತಾ ತಮ್ಮ ಗುರುಗಳ ಮಾತನ್ನೇ ಉತ್ತರವಾಗಿ ಹೇಳಿದರು: ಮನಸ್ಸನ್ನು ಶಾಂತಗೊಳಿಸಿ ದೈವಕ್ಕೆ ತೆರೆದಿಡಲು. ಶತಮಾನದ ಬಹು ದೊಡ್ಡ ಸಂಯೋಜಕರಲ್ಲಿ ಒಬ್ಬನಾದ ಆತ ಅದನ್ನು ಜೀವನವಿಡೀ ನೆನೆದ. 1949ರಲ್ಲಿ ಗೀತಾ ಅಹಮದಾಬಾದಿನಲ್ಲಿ ಸಂಗೀತ ಕೇಂದ್ರವನ್ನು ಕಟ್ಟಿದರು.

ಇಪ್ಪತ್ತು ವರ್ಷದ ನಂತರ ಆ ಸ್ನೇಹ ಒಂದು ಯಂತ್ರವನ್ನು ಎಳೆದು ತಂದಿತು. ಕೇಜ್‌ನ ಸಂಗಾತಿ ಸಂಗೀತಗಾರ ಡೇವಿಡ್ ಟ್ಯೂಡರ್ 1969ರಲ್ಲಿ ಅಹಮದಾಬಾದಿಗೆ ಬಂದು, ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಅಣಿಮಾಡಿದ. ವೈರು ಸಿಕ್ಕಿಸುವ ಆ ದೊಡ್ಡ ಮೂಗ್ ಸಿಂಥಸೈಸರು ನಮ್ಮ ದೇಶಕ್ಕೆ ಬಂತು! ಆ ವರ್ಷ ನಮ್ಮ ಬೀದಿಯಲ್ಲಿ ರೇಡಿಯೋ ಇದ್ದದ್ದೇ ಮೂರು ಮನೆಯಲ್ಲಿ. ಪಖಾವಜ್ ಬಾರಿಸಿದ ಕೈಗಳು ಗುಂಡಿ ತಿರುಗಿಸಿದವು. ಗೀತಾ ಅಲ್ಲಿ ತಮ್ಮ ರಚನೆಗಳನ್ನು ಟೇಪಿಗೆ ತುಂಬಿದರು. ಜಿನರಾಜ್ ಜೋಶಿಪುರ, ಅತುಲ್ ದೇಸಾಯಿ ಮೊದಲಾದವರೂ ಕೆಲಸ ಮಾಡಿದರು. 1972ರ ಹೊತ್ತಿಗೆ ಎಲ್ಲ ನಿಂತುಹೋಯಿತು.

ಟೇಪುಗಳು ಸಂಸ್ಥೆಯ ಸಂಗ್ರಹದಲ್ಲೇ ಮಲಗಿದ್ದವು. 2017ರಲ್ಲಿ ಪಾಲ್ ಪರ್ಗಾಸ್ ಎಂಬ ಲಂಡನ್ನಿನ ಕಲಾವಿದ ಅವನ್ನು ಹುಡುಕಿ ತೆಗೆದರು. ಆರಿಸಿದ ಕೆಲವು 2023ರಲ್ಲಿ ಪ್ರಕಟವಾದವು. ಅದರಲ್ಲಿ ಗೀತಾ ಅವರ ಕೃತಿಗಳಿಗಿರುವ ಹೆಸರು ತೀರ ಸಾದಾ: 'ಗೀತಾಬೆನ್ ಅವರ ರಚನೆ' ಒಂದು, ಎರಡು. ಮಗಳು ಅದನ್ನು ನಮ್ಮ ಪಡಸಾಲೆಯಲ್ಲಿ ಹಾಕಿದಳು. ಮೊದಲ ಸಲ ಅರ್ಥವಾಗಲಿಲ್ಲ ಎಂದೇ ಹೇಳಬೇಕು. ಎರಡನೆಯ ಸಲ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬಂದು ಕೂತೆ.

ಮೊನ್ನೆ ನನ್ನ ಶ್ರುತಿಪೆಟ್ಟಿಗೆ ಸದ್ದು ನಿಲ್ಲಿಸಿತು. ಮೇಷ್ಟ್ರು ಹೋದ ಮೇಲೆ ಅವರ ಮನೆಯವರು ನನಗೇ ಕೊಟ್ಟ ಅದೇ ಹಳೆಯ ಪೆಟ್ಟಿಗೆ. ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಮಾಡುವ ಹುಡುಗನ ಹತ್ತಿರ ಒಯ್ದೆ. ಅವನು ತಿರುಪು ಬಿಚ್ಚಿ ಹಿಂದಿನ ಮುಚ್ಚಳ ತೆಗೆದ. ನಲವತ್ತು ವರ್ಷಗಳಲ್ಲಿ ಅದರ ಒಳಗನ್ನು ನಾನು ನೋಡಿದ್ದು ಅದೇ ಮೊದಲು. ಹಲಗೆಯ ಮೇಲೆ ಸಾಲಾಗಿ ಬೆಳ್ಳಗೆ ಹೊಳೆಯುವ ಬೆಸುಗೆಯ ಚುಕ್ಕಿಗಳು. ನೂರಕ್ಕೆ ಮೀರಿದ್ದವೇನೋ. ಒಂದೊಂದನ್ನೂ ಯಾರೋ ಕೂತು ಇಟ್ಟಿದ್ದು.

"ಕೈಯಲ್ಲಿ ಮಾಡಿದ್ದಾ ಇದು?" ಎಂದು ಕೇಳಿದೆ.

"ಹೂಂ ಅಮ್ಮ. ಆಗೆಲ್ಲ ಹೀಗೇ ಅಲ್ವಾ? ನೀಟಾಗಿ ಮಾಡಿದ್ದಾರೆ. ಒಂದೇ ಒಂದು ಕಡೆ ಬಿಟ್ಟಿದೆ, ನೋಡಿ" ಎಂದು ಸೂಜಿಯ ಮೊನೆಯಿಂದ ತೋರಿಸಿದ. ನನ್ನ ಕನ್ನಡಕಕ್ಕೆ ಕಾಣಲಿಲ್ಲ. ಕಾದ ಕಡ್ಡಿ ಮುಟ್ಟಿಸಿದ. ಸಣ್ಣಗೆ ಹೊಗೆ ಬಂತು. ಗುಂಡಿ ತಿರುಗಿಸಿದ ಕೂಡಲೇ ಪೆಟ್ಟಿಗೆ ಮತ್ತೆ ಮೀಟತೊಡಗಿತು. ದುಡ್ಡು ಇಪ್ಪತ್ತು ಸಾಕು ಎಂದ. ಐವತ್ತು ಕೊಟ್ಟೆ.

ಮನೆಗೆ ತಂದು ಕೇಳಿದರೆ ಪಂಚಮ ಒಂಚೂರು ಇಳಿದಿತ್ತು. ಬದಿಯ ಗುಂಡಿ ಹಿಡಿದು, ಕಣ್ಣು ಮುಚ್ಚಿ, ಕೂಡುವವರೆಗೂ ತಿರುಗಿಸಿದೆ.